ರಾಜಿಗೆ ರುಜು ಹಾಕುವ ಮುನ್ನ

(ದಿಬ್ಬೂರಹಳ್ಳಿಯಲ್ಲಿ ರೈತರ ಮುಂದೆ ಮಾಡಿದ ಭಾಷಣ)



ಸಾಲದ ವಿಚಾರಕ್ಕೆ ಲೋಕ ಅದಾಲತ್ತಿನಿಂದ ನೋಟೀಸು ಬಂತೆಂದರೆ ನಮ್ಮಲ್ಲಿ ಎರಡು ಥರದ ಜನ ಕಾಣ್ತಾರೆ. ಒಬ್ಬ ಜಪ್ತಿಯೇ ಬಂತೆಂದು ಹೆದರಿ ಮನೆಯೊಳಗೆ ಕೂತುಬಿಡ್ತಾನೆ. ಇನ್ನೊಬ್ಬ, ಜಡ್ಜ್ ಸಾಹೇಬರೇ ಕರೆದಿದ್ದಾರೆ, ತೋರಿಸಿದ ಕಡೆ ರುಜು ಹಾಕಿದರಾಯಿತು ಅಂತ ಹೊರಡ್ತಾನೆ. ಇಬ್ಬರಿಗೂ ನಷ್ಟವೇ.

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂಬ 39ಎ ವಿಧಿಯನ್ನು 1976ರ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆ ಆಯಿತು; ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಅದರಂತೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. ನಾವು ಶಿಡ್ಲಘಟ್ಟ ತಾಲ್ಲೂಕಿನವರು; ಅಲ್ಲಿನ ನ್ಯಾಯಾಲಯಕ್ಕೆ ಹೋಗಿ ತಾಲ್ಲೂಕು ಸಮಿತಿಯನ್ನು ವಿಚಾರಿಸಬೇಕು. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ವರಮಾನ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಕೇಳುವ ಹಕ್ಕಿದೆ. ಪಹಣಿಯಲ್ಲಿ ಹೆಸರಿರುವ ತಾಯಂದಿರು ಇದನ್ನು ನೆನಪಿಡಿ. ಉಳಿದವರಿಗೆ ವರಮಾನದ ಮಿತಿ ಉಂಟು. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಈಗ ಮುಖ್ಯ ಮಾತು. ಲೋಕ ಅದಾಲತ್ತು ತೀರ್ಪು ಹೇಳುವ ಕೋರ್ಟಲ್ಲ, ರಾಜಿ ಮಾಡಿಸುವ ಜಾಗ. ಅದಾಲತ್ತಿಗೆ ತಾನಾಗಿ ತೀರ್ಮಾನ ಹೇರುವ ಅಧಿಕಾರ ಇಲ್ಲವೆಂದು ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ. ನೀವು ಒಪ್ಪದಿದ್ದರೆ ರಾಜಿ ಇಲ್ಲ. ಕೋರ್ಟಿನಲ್ಲಿದ್ದ ಕೇಸು ಕೋರ್ಟಿಗೇ ಮರಳುತ್ತದೆ. ಕೇಸೇ ಹಾಕದಿದ್ದರೆ ಸಾಲ ಕೊಟ್ಟವರು ಕಾನೂನಿನ ಬೇರೆ ದಾರಿ ಹಿಡಿಯಬೇಕು. ಆದ್ದರಿಂದ ನೋಟೀಸಿಗೆ ಹೆದರಬೇಡಿ, ಹೋಗಿ. ಬಡ್ಡಿ ಇಳಿಸಲು ಮಾತಾಡುವ ಅವಕಾಶ ಅಲ್ಲಿದೆ. ಖರ್ಚೂ ಇಲ್ಲ; ಕೋರ್ಟಿನ ಕೇಸು ರಾಜಿಯಾದರೆ ಕಟ್ಟಿದ್ದ ಶುಲ್ಕವೂ ವಾಪಸು.

ಆದರೆ ಒಮ್ಮೆ ರುಜು ಬಿತ್ತೋ, ಅದು ಕೋರ್ಟಿನ ಡಿಕ್ರಿಗೆ ಸಮ. ಅದರ ಮೇಲೆ ಅಪೀಲು ಇಲ್ಲ. ಮೋಸ ನಡೆದಿದೆ ಎಂಬಂಥ ಕೆಲವೇ ಕಾರಣಗಳಿಗೆ ಹೈಕೋರ್ಟಿನ ಬಾಗಿಲು ತಟ್ಟಬಹುದು. ಕಂತು ತಪ್ಪಿದರೆ ಆ ಕಾಗದ ಹಿಡಿದೇ ವಸೂಲಿಗೆ ಬರ್ತಾರೆ.

ಹಾಗಾಗಿ ಹೋಗುವ ಮೊದಲು ಲೆಕ್ಕದ ಪಟ್ಟಿ ಕೇಳಿ ಪಡೀರಿ. ಅಸಲೆಷ್ಟು, ಬಡ್ಡಿಯೆಷ್ಟು, ದಂಡಬಡ್ಡಿಯೆಷ್ಟು, ಕಟ್ಟಿದ ರಶೀದಿಯೆಲ್ಲ ಜಮೆಯಾಗಿದೆಯೇ ನೋಡಿ. ಕಂತಿನ ದಿನವನ್ನು ಬೆಳೆ ನೋಡಿ ಕೇಳಿ. ಹಿಪ್ಪುನೇರಳೆ ಇದ್ದವನಿಗೆ ಗೂಡಿನ ದುಡ್ಡು ವರ್ಷದಲ್ಲಿ ಹಲವು ಸಲ ಕೈಗೆ ಬರುತ್ತೆ, ಬರೀ ರಾಗಿ ಹೊಲದವನಿಗೆ ಸುಗ್ಗಿ ಒಂದೇ. ಇಬ್ಬರಿಗೂ ಒಂದೇ ಕಂತು ಹೊಂದೋದಿಲ್ಲ. ಕೊಳವೆಬಾವಿ ನಂಬಿ ದೊಡ್ಡ ಕಂತು ಒಪ್ಪಿಕೊಂಡರೆ, ನೀರು ನಿಂತ ದಿನ ಏನು ಮಾಡ್ತೀರಿ? ಬಾಕಿ ತೀರಿದ ಮೇಲೆ ಅಡವಿಟ್ಟ ಪತ್ರ ಹಿಂದಿರುಗಿಸಬೇಕು, ಪಹಣಿಯ ಋಣದ ನಮೂದು ತೆಗೆಸಬೇಕು ಎಂಬ ಮಾತೂ ರಾಜಿಯಲ್ಲೇ ಬರಲಿ.

ನಮ್ಮದು ಕನ್ನಡ, ತೆಲುಗು ಎರಡೂ ಆಡುವ ಸೀಮೆ. ರಾಜಿ ಪತ್ರವನ್ನು ನಿಮಗೆ ತಿಳಿಯುವ ಮಾತಿನಲ್ಲಿ ಓದಿ ಹೇಳಿ ಅನ್ನಿ. ಅದರಲ್ಲಿ ನಾಚಿಕೆ ಬೇಡ. ಹಸು ಕೊಳ್ಳುವಾಗ ಹಲ್ಲು ನೋಡುವ ನಾವು, ಹೊಲದ ಹಣೆಬರಹ ಬರೆಯುವ ಕಾಗದವನ್ನು ಓದಿಸದೆ ರುಜು ಹಾಕಬಾರದು.