ಇಲ್ಲಿ ಎಂದರೆ ಎಲ್ಲಿ?

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳತೊಡಗಿ ಏಳೆಂಟು ವರ್ಷಗಳಾಗಿದ್ದ ಕಾಲದ ಮಾತು. ಆ ವರ್ಷ ನನ್ನ ತರಗತಿಯಲ್ಲಿ ಒಬ್ಬ ಅಂಧ ವಿದ್ಯಾರ್ಥಿ ಇದ್ದ. ಮೊದಲ ಸಾಲಿನ ಬೆಂಚಿನ ತುದಿಯಲ್ಲಿ ಕುಳಿತು, ಬ್ರೈಲ್ ಹಲಗೆಯಲ್ಲಿ ದಪ್ಪ ಕಾಗದವನ್ನು ಸಿಕ್ಕಿಸಿ, ಮೊಳೆಯಂಥದೊಂದು ಸಲಕರಣೆಯಿಂದ ಟಕಟಕನೆ ಚುಚ್ಚುತ್ತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಒಂದು ದಿನ ಛಂದಸ್ಸಿನ ಪಾಠ. ನಾನು ಕರಿಹಲಗೆಯ ಮೇಲೆ ಒಂದು ಪದ್ಯವನ್ನು ಬರೆದು, ಅದಕ್ಕೆ ಪ್ರಸ್ತಾರ ಹಾಕಿ, ಸೀಮೆಸುಣ್ಣದಿಂದ ಒಂದೊಂದು ಗುರುತನ್ನೂ ತಟ್ಟುತ್ತ, "ಇಲ್ಲಿ ನೋಡಿ, ಇದು ಗುರು, ಇಲ್ಲಿ ನೋಡಿ, ಇದು ಲಘು, ಇಲ್ಲಿಗೆ ಗಣ ಮುಗಿಯಿತು" ಎನ್ನುತ್ತಿದ್ದೆ. ಹಾಗೆ ನಾಲ್ಕಾರು 'ಇಲ್ಲಿ'ಗಳಾದ ಮೇಲೆ ಆ ಹುಡುಗ ಎದ್ದು ನಿಂತು, ಬಹು ವಿನಯದಿಂದ, "ಸಾರ್, ಇಲ್ಲಿ ಅಂದರೆ ಎಲ್ಲಿ ಸಾರ್?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕು, "ಆಮೇಲೆ ಸ್ನೇಹಿತರ ಹತ್ತಿರ ಕೇಳಿಕೊಳ್ಳಪ್ಪ" ಎಂದು ಹೇಳಿ ಪಾಠವನ್ನು ಮುಂದುವರಿಸಿದೆ.

ಆ ಪ್ರಶ್ನೆಯ ಅರ್ಥ ನನಗಾಗುವುದಕ್ಕೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ನಿವೃತ್ತನಾದ ಮೇಲೆ ಒಂದು ಸಂಜೆ ಪುಸ್ತಕ ಓದುತ್ತ ಕುಳಿತಿದ್ದೆ. ನೆಟ್ಟಗಿರಬೇಕಾದ ಸಾಲು ನಡುವೆ ಬಾಗಿದಂತೆ ತೋರಿತು. ಅಚ್ಚಿನವರ ತಪ್ಪೆಂದುಕೊಂಡೆ. ತಲೆಯೆತ್ತಿ ನೋಡಿದರೆ ಕಿಟಕಿಯ ಸರಳುಗಳೂ ಬಾಗಿದ್ದವು! ಆಗ ಅಚ್ಚಿನವರನ್ನು ಬಿಟ್ಟು ಕಣ್ಣಿನ ವೈದ್ಯರ ಬಳಿಗೆ ಹೋದೆ. ಅವರು ಚೌಕುಳಿ ಗೆರೆಗಳ ಕಾಗದವೊಂದನ್ನು ಮುಂದೆ ಹಿಡಿದು, ನಡುವಿನ ಚುಕ್ಕೆಯನ್ನು ನೋಡಲು ಹೇಳಿದರು. ಚುಕ್ಕೆಯ ಸುತ್ತಣ ಗೆರೆಗಳೆಲ್ಲ ಕಲಕಿದ ನೀರಿನಲ್ಲಿ ಕಂಡ ನೆರಳಿನಂತೆ ಅಲುಗಾಡುತ್ತಿದ್ದವು.

ಕಣ್ಣಿನ ಹಿಂಬದಿಯಲ್ಲಿರುವ ಅಕ್ಷಿಪಟಲದ ನಡುಭಾಗಕ್ಕೆ ಮ್ಯಾಕ್ಯುಲ ಎಂದು ಹೆಸರು. ಸುಮಾರು 5 ಮಿಲಿಮೀಟರು ಅಗಲದ ಈ ತಾಣವೇ ಅಕ್ಷರವನ್ನು ಅಕ್ಷರವೆಂದೂ ಮುಖವನ್ನು ಮುಖವೆಂದೂ ಗುರುತಿಸಿಕೊಡುವುದು. ವಯಸ್ಸಾದಂತೆ ಕೆಲವರಲ್ಲಿ ಇದು ಸವೆಯುತ್ತದೆ. ಈ ರೋಗದಲ್ಲಿ ಒಣ, ಒದ್ದೆ ಎಂದು ಎರಡು ಬಗೆ. ಒದ್ದೆಯ ಬಗೆಯನ್ನು ಕಣ್ಣಿನೊಳಕ್ಕೆ ಚುಚ್ಚುಮದ್ದು ಕೊಟ್ಟು ತಡೆಯಲು ಯತ್ನಿಸುತ್ತಾರೆ. ನನ್ನದು ಒಣ ಬಗೆ. ನಿಧಾನವಾಗಿ ಮುಂದುವರಿಯುವಂಥದು, ಹೋದದ್ದನ್ನು ಹಿಂದಕ್ಕೆ ಕೊಡದಂಥದು. ಪೊರೆ ಬಂದಿದ್ದರೆ ತೆಗೆಸಿ ಸುಖವಾಗಿರಬಹುದಾಗಿತ್ತು. ಇದು ಪೊರೆಯಲ್ಲ.

ಈ ರೋಗದ ವಿನೋದವೆಂದರೆ, ಇದು ಪೂರ್ತಿ ಕತ್ತಲೆಯನ್ನು ತರುವುದಿಲ್ಲ. ನಾನು ಮನೆಯಲ್ಲಿ ಯಾರ ಕೈಯನ್ನೂ ಹಿಡಿಯದೆ ಓಡಾಡುತ್ತೇನೆ. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಕಾಣುತ್ತಾರೆ, ಅವರ ಮುಖ ಕಾಣುವುದಿಲ್ಲ. ಯಾವುದನ್ನು ನೋಡಬೇಕೆಂದು ದೃಷ್ಟಿಯನ್ನು ನೆಡುತ್ತೇನೆಯೋ ಅದೊಂದು ಮಾತ್ರ ಮಸಿ ಚೆಲ್ಲಿದಂತೆ ಅಳಿಸಿಹೋಗುತ್ತದೆ. ಆದ್ದರಿಂದ ವಸ್ತುವನ್ನು ನೇರವಾಗಿ ನೋಡದೆ, ತುಸು ಪಕ್ಕಕ್ಕೆ ನೋಡಿ ಕಾಣುವುದನ್ನು ಅಭ್ಯಾಸ ಮಾಡಬೇಕೆಂದು ವೈದ್ಯರು ಹೇಳಿದರು. ನಮ್ಮ ಕವಿಗಳು ನಾಯಿಕೆಯರಿಗೆ ಮೀಸಲಿಟ್ಟಿದ್ದ ಓರೆನೋಟವನ್ನು ನಾನು ಅರುವತ್ತು ದಾಟಿದ ಮೇಲೆ ಕಲಿಯಬೇಕಾಯಿತು!

ಕಂಪ್ಯೂಟರಿಗೂ ನನಗೂ ಸ್ನೇಹ ಬೆಳೆದದ್ದು ಐವತ್ತರ ನಂತರ. ಆದರೂ ಲೇಖನ, ಪತ್ರವ್ಯವಹಾರ, ಬ್ಯಾಂಕಿನ ಲೆಕ್ಕ, ಬೆಳಗಿನ ಪತ್ರಿಕೆ ಎಲ್ಲವೂ ಅದರೊಳಗೆ ಸೇರಿಕೊಂಡಿದ್ದವು. ಕಣ್ಣು ಮಂದವಾದಾಗ ಮೊದಲು ಮಾಡಿದ ಉಪಾಯ ಅಕ್ಷರಗಳನ್ನು ಹಿಗ್ಗಿಸುವುದು. ಪರದೆಯನ್ನು ದೊಡ್ಡದು ಮಾಡುವ ಭೂತಗನ್ನಡಿಯಂಥ ಸೌಲಭ್ಯ ಕಂಪ್ಯೂಟರಿನಲ್ಲಿಯೇ ಇರುತ್ತದೆ. ಬಿಳಿಯ ಹಿನ್ನೆಲೆಯ ಪ್ರಖರತೆ ಕಣ್ಣಿಗೆ ನೋವಾದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರ ಬರುವಂತೆ ಮಾಡಿಕೊಳ್ಳಬಹುದು. ಎರಡರಷ್ಟು ಮಾಡಿದೆ, ನಾಲ್ಕರಷ್ಟು ಮಾಡಿದೆ, ಆರರಷ್ಟು ಮಾಡಿದೆ. ಆಗ ನಮ್ಮ ಲಿಪಿಯ ಸೂಕ್ಷ್ಮಗಳು ಅನುಭವಕ್ಕೆ ಬಂದವು. 'ದ'ಕಾರಕ್ಕೂ 'ಧ'ಕಾರಕ್ಕೂ ಇರುವ ಭೇದ ಎಷ್ಟು? ಕೆಳಗಿನ ಒಂದು ಸಣ್ಣ ಗೀಟು. 'ಪ'ಕಾರದ ಹೊಟ್ಟೆಯಲ್ಲಿ ಒಂದು ಗೆರೆ ಎಳೆದರೆ 'ಷ'ಕಾರ. ಒತ್ತಕ್ಷರಗಳಂತೂ ಸಾಲಿನ ಕೆಳಗೆ ಅಡಗಿ ಕುಳಿತಿರುತ್ತವೆ. ಅಕ್ಷರವನ್ನು ಆರರಷ್ಟು ಹಿಗ್ಗಿಸಿದರೆ ಪರದೆಯ ಮೇಲೆ ಒಂದೆರಡು ಪದಗಳು ಮಾತ್ರ ಉಳಿಯುತ್ತವೆ. ವಾಕ್ಯದ ಕೊನೆಯನ್ನು ಮುಟ್ಟುವ ಹೊತ್ತಿಗೆ ಕರ್ತೃಪದ ಮರೆತುಹೋಗಿರುತ್ತದೆ. ಕ್ರಿಯಾಪದವನ್ನು ಕೊನೆಯಲ್ಲಿಡುವ ಭಾಷೆಗೆ ಇದು ದೊಡ್ಡ ಶಿಕ್ಷೆ.

ಬ್ರೈಲ್ ಕಲಿಯಬಾರದೇಕೆ ಎಂದು ಕೆಲವರು ಕೇಳಿದರು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ 1951ರಿಂದ ಬಳಕೆಯಲ್ಲಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡೂ ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಕೃತಿರಚನೆ ಮಾಡಿದವರು. ಆದರೆ ಎಳೆಯ ಬೆರಳು ಕಲಿಯುವಷ್ಟು ಬೇಗ ಮುದಿ ಬೆರಳು ಕಲಿಯದು. ನಾನು ಪ್ರಯತ್ನಿಸಿದೆ, ಚುಕ್ಕೆಗಳು ರವೆಯ ಹಾಗೆ ಬೆರಳ ಕೆಳಗೆ ಉರುಳಿದವೇ ಹೊರತು ಅಕ್ಷರವಾಗಲಿಲ್ಲ.

ಆಗ ಪರಿಚಿತರೊಬ್ಬರು ಒಬ್ಬ ತರುಣನನ್ನು ಕರೆತಂದರು. ಹುಟ್ಟಿನಿಂದಲೇ ಕಣ್ಣು ಕಾಣದವನು. ಕಂಪ್ಯೂಟರಿನಲ್ಲಿಯೇ ಜೀವನೋಪಾಯ ಕಂಡುಕೊಂಡವನು. ಬಂದವನು ನನ್ನ ಮೇಜಿನ ಮುಂದೆ ಕುಳಿತು ಮೊದಲು ಮಾಡಿದ ಕೆಲಸವೆಂದರೆ ಪರದೆಯನ್ನು ಆರಿಸಿದ್ದು. ನಾನು ಗಾಬರಿಯಾದೆ. "ಇದು ಉರೀತಾ ಇರೋ ತನಕ ನೀವು ಇದನ್ನೇ ನೋಡ್ತೀರಿ ಸಾರ್. ಕಿವಿ ಕೆಲಸಕ್ಕೆ ಬರೋದಿಲ್ಲ" ಎಂದ. ನನ್ನ ಜೀವಮಾನದಲ್ಲಿ ನಾನು ಕೇಳಿದ ಅತ್ಯಂತ ಕಠಿಣವಾದ ಮಾತು ಅದು. ಅತ್ಯಂತ ಉಪಯುಕ್ತವಾದದ್ದೂ ಅದೇ.

ಅವನು ನನ್ನ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಪರದೆವಾಚಕವನ್ನು ಹಾಕಿಕೊಟ್ಟ. ಪರದೆಯ ಮೇಲಿರುವ ಬರಹವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶ ಇದು. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬಾತ ಇದನ್ನು ಆರಂಭಿಸಿದ. ಜೇಮ್ಸ್ ಟೆ ಎಂಬ ಗೆಳೆಯ ಜೊತೆಗೂಡಿದ. ಇಬ್ಬರೂ ಅಂಧರು. ಕಣ್ಣಿಲ್ಲದವರು ತಮ್ಮಂಥವರಿಗಾಗಿ ತಾವೇ ಕಟ್ಟಿದ ಈ ಸಾಧನವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು. ಅದರೊಡನೆ ಬರುವ ಧ್ವನಿಗಳಲ್ಲಿ ಕನ್ನಡವೂ ಒಂದು. ದನಿಯಲ್ಲಿ ಮಾಧುರ್ಯವಿಲ್ಲ, ತಗಡಿನ ಡಬ್ಬದೊಳಗಿಂದ ಯಾರೋ ಮಾತನಾಡಿದಂತಿರುತ್ತದೆ. ಮೊದಲ ವಾರ ಮನೆಯವರೆಲ್ಲ ಆ ಕೋಣೆಯನ್ನು ಬಿಟ್ಟು ಓಡುತ್ತಿದ್ದರು. ಈಗ ನನಗೆ ಅದು ಹಳೆಯ ಗುಮಾಸ್ತನ ದನಿಯಷ್ಟು ಪರಿಚಿತ.

ಮೌಸನ್ನು ಅವನು ಮೇಜಿನ ಖಾನೆಯೊಳಕ್ಕೆ ಹಾಕಿ ಮುಚ್ಚಿಬಿಟ್ಟ. ಬಾಣದ ಗುರುತು ಎಲ್ಲಿದೆಯೆಂದು ಕಾಣದವನಿಗೆ ಅದರಿಂದ ಪ್ರಯೋಜನವೇನು? ಎಲ್ಲವೂ ಕೀಲಿಮಣೆಯಿಂದಲೇ ಆಗಬೇಕು. ಕೀಲಿಮಣೆಯಲ್ಲಿ 'ಎಫ್' ಮತ್ತು 'ಜೆ' ಎಂಬ ಎರಡು ಕೀಲಿಗಳ ಮೇಲೆ ಬೆರಳಿಗೆ ತಾಗುವ ಸಣ್ಣ ಉಬ್ಬು ಗೆರೆಗಳಿವೆ. ಅಷ್ಟು ವರ್ಷ ಬಳಸಿಯೂ ನಾನದನ್ನು ಗಮನಿಸಿರಲಿಲ್ಲ. ತೋರುಬೆರಳುಗಳನ್ನು ಅವುಗಳ ಮೇಲಿಟ್ಟರೆ ಉಳಿದ ಕೀಲಿಗಳೆಲ್ಲ ತಾವಾಗಿ ಗೊತ್ತಾಗುತ್ತವೆ. ಕೆ. ಪಿ. ರಾಯರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಈ 'ಎಫ್' ಕೀಲಿಯೇ ಒತ್ತಕ್ಷರವನ್ನು ಮೂಡಿಸುವಂಥದು. 'ಕನ್ನಡ' ಎಂದು ಬರೆಯಬೇಕಾದರೆ ಎರಡು 'ನ'ಕಾರಗಳ ನಡುವೆ ಈ ಉಬ್ಬುಗೆರೆಯ ಕೀಲಿಯನ್ನೊತ್ತಬೇಕು. ನಮ್ಮ ಭಾಷೆಯ ಹೆಸರಿನ ನಡುವೆಯೇ ಕುರುಡನಿಗೊಂದು ಊರುಗೋಲು ಇದ್ದಂತಾಯಿತು.

ಇನ್ನೊಂದು ಆಶ್ಚರ್ಯ ಕಾದಿತ್ತು. 'ಅರ್ಥ' ಎಂಬ ಪದವನ್ನು ಕೈಯಿಂದ ಬರೆಯುವಾಗ ನಾವು ಅಕಾರ ಬರೆದು, ಥಕಾರ ಬರೆದು, ಆಮೇಲೆ ಅರ್ಕಾವೊತ್ತನ್ನು ಹಾಕುತ್ತೇವೆ. ಬಾಯಿ ಮಾತ್ರ ರೇಫವನ್ನು ಮೊದಲು ಉಚ್ಚರಿಸುತ್ತದೆ. 1991ರಲ್ಲಿ ಪ್ರಕಟವಾದ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯಲ್ಲಿ ಅಕ್ಷರಗಳು ನಿಲ್ಲುವುದು ಬಾಯಿಯ ಕ್ರಮದಲ್ಲಿ. ಮೊದಲು ರೇಫ, ಅನಂತರ ಥಕಾರ. ಕಣ್ಣಿಗೆ ಹೇಗೆ ಕಾಣಬೇಕೆಂಬುದು ಆಮೇಲಿನ ಅಲಂಕಾರ. ಯಂತ್ರವು ಕನ್ನಡವನ್ನು ತಪ್ಪಿಲ್ಲದೆ ಓದಬಲ್ಲದ್ದು ಈ ಕಾರಣದಿಂದ.

ಇಷ್ಟು ಸಂತೋಷಪಟ್ಟು ನನ್ನ ಹಳೆಯ ಲೇಖನಗಳ ಕಡತವನ್ನು ತೆರೆಯಿಸಿದೆ. ಹದಿನೈದು ವರ್ಷ ಕಷ್ಟಪಟ್ಟು ಮಾಡಿದ ಟಿಪ್ಪಣಿಗಳು ಅಲ್ಲಿದ್ದವು. ಯಂತ್ರ ಓದತೊಡಗಿತು: "ಪಿ, ಎ, ಪೌಂಡ್..." ನಾನು ದಿಗ್ಭ್ರಮೆಗೊಂಡೆ. ಅವೆಲ್ಲ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಅಕ್ಷರಶೈಲಿಗಳಲ್ಲಿ ಮಾಡಿದ ಬರಹಗಳು. ಆ ವ್ಯವಸ್ಥೆಯಲ್ಲಿ ಕಂಪ್ಯೂಟರಿನ ಒಳಗೆ ಕನ್ನಡದ ಅಕ್ಷರವೆಂಬುದೇ ಇರುವುದಿಲ್ಲ. ಇಂಗ್ಲಿಷ್ ಮೊದಲಾದ ಭಾಷೆಗಳ ಅಕ್ಷರಗಳಿಗೆ, ನಾಣ್ಯದ ಚಿಹ್ನೆಗಳಿಗೆ ಕನ್ನಡದ ಚಿತ್ರವನ್ನು ಹೊದಿಸಿರುತ್ತಾರೆ. ಕಣ್ಣಿಗೆ 'ಕನ್ನಡ' ಎಂದು ಕಾಣುವ ಪದದ ನಡುವೆ ಒಳಗಿರುವುದು ಇಂಗ್ಲೆಂಡಿನ ಪೌಂಡಿನ ಗುರುತು! ಕಣ್ಣಿದ್ದಾಗ ಮೋಸ ತಿಳಿಯಲಿಲ್ಲ. ನನ್ನ ಬರಹ ನನಗೇ ಮೂಕವಾಯಿತು. ಪರಿವರ್ತಿಸುವ ತಂತ್ರಾಂಶಗಳಿವೆ; ಆ ತರುಣ ಒಂದೊಂದಾಗಿ ಅವನ್ನು ಮಾರ್ಪಡಿಸಿಕೊಟ್ಟ. ಪುಟಗಳ ಛಾಯಾಚಿತ್ರ ತೆಗೆದು ಕಡತ ಮಾಡಿದ ಪುಸ್ತಕಗಳದೂ ಇದೇ ಕಥೆ. ಯಂತ್ರಕ್ಕೆ ಅವು ಬರಿಯ ಚಿತ್ರಗಳು. ಅಕ್ಷರ ಗುರುತಿಸುವ ತಂತ್ರಾಂಶದ ಕೈಗೆ ಕೊಟ್ಟರೆ ಅದು ದಕಾರ ಧಕಾರಗಳಲ್ಲಿ ನನ್ನಂತೆಯೇ ಎಡವುತ್ತದೆ.

ಮಾತನಾಡಿದ್ದನ್ನು ಬರಹವಾಗಿಸುವ ಸೌಕರ್ಯ ಫೋನಿನಲ್ಲಿದೆಯೆಂದು ಮೊಮ್ಮಗಳು ತೋರಿಸಿಕೊಟ್ಟಳು. ಹಳೆಯ ಶಿಷ್ಯರೊಬ್ಬರ ಮಗನ ಮದುವೆಗೆ ಶುಭಾಶಯ ಕಳುಹಿಸಿದೆ. "ವಧೂವರರನ್ನು ಮನಸಾರೆ ಹರಸುತ್ತೇನೆ" ಎಂದು ನಾನು ಹೇಳಿದೆ. "ಅರಸುತ್ತೇನೆ" ಎಂದು ಅದು ಬರೆದುಕೊಂಡಿತು. ಕಳುಹಿಸಿದ ಮೇಲೆ ಮೊಮ್ಮಗಳು ಓದಿ, "ತಾತ, ಮದುಮಕ್ಕಳು ಎಲ್ಲಾದರೂ ಕಳೆದುಹೋಗಿದ್ದಾರಾ?" ಎಂದು ಕೇಳಿದಳು. ಅಕಾರ ಹಕಾರಗಳಿಗಾಗಿ ಮೂರು ದಶಕ ಅಂಕ ಕಡಿದವನಿಗೆ ತಕ್ಕ ಶಾಸ್ತಿಯಾಯಿತು. ಅಂದಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಯಂತ್ರದಿಂದ ಒಮ್ಮೆ ಓದಿಸಿ ಕೇಳದೆ ಯಾವ ಕಾಗದವನ್ನೂ ಕಳುಹಿಸುವುದಿಲ್ಲ. ಕಣ್ಣು ತನಗೆ ಬೇಕಾದುದನ್ನು ಓದಿಕೊಳ್ಳುತ್ತದೆ, ಕಿವಿ ಇರುವುದನ್ನು ಕೇಳಿಸಿಕೊಳ್ಳುತ್ತದೆ. ಹೀಗಾಗಿ ನನ್ನ ಬರಹದಲ್ಲಿ ಕಾಗುಣಿತದ ತಪ್ಪುಗಳು ಹಿಂದಿಗಿಂತ ಈಗ ಕಡಿಮೆ.

ಇನ್ನು ಜಾಲತಾಣಗಳ ವಿಚಾರ. ಒಂದು ಪುಟದಲ್ಲಿರುವ ಕೊಂಡಿಗಳನ್ನೆಲ್ಲ ಒಟ್ಟಿಗೆ ಪಟ್ಟಿಮಾಡಿ ಓದಿಸುವ ಅನುಕೂಲ ಪರದೆವಾಚಕದಲ್ಲಿದೆ. ಕಣ್ಣಿದ್ದವರು ಪುಟದ ಮೇಲೆ ನೋಟ ಹಾಯಿಸುವಂತೆ ನಾವು ಈ ಪಟ್ಟಿಯ ಮೇಲೆ ಕಿವಿ ಹಾಯಿಸುತ್ತೇವೆ. ಪಿಂಚಣಿಗೆ ಸಂಬಂಧಿಸಿದ ಯಾವುದೋ ಅರ್ಜಿಯನ್ನು ಹುಡುಕುತ್ತ ಒಂದು ದಿನ ಹಾಗೆ ಪಟ್ಟಿಯನ್ನು ಓದಿಸಿದೆ. ಯಂತ್ರ ತನ್ನ ತಗಡಿನ ದನಿಯಲ್ಲಿ ಹೇಳಿತು: "ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ. ಇಲ್ಲಿ ಒತ್ತಿ."

ನಾನು ಕೀಲಿಮಣೆಯಿಂದ ಕೈ ತೆಗೆದೆ. ಮೂವತ್ತು ವರ್ಷದ ಹಿಂದಿನ ಆ ತರಗತಿ ಕಿವಿಯಲ್ಲಿ ಮೊಳಗಿತು. ಇಲ್ಲಿ ಅಂದರೆ ಎಲ್ಲಿ ಸಾರ್?

ಇದಕ್ಕೆ ಯಾರ ದ್ವೇಷವೂ ಕಾರಣವಲ್ಲ. ನನ್ನ ನಗುವಿನಲ್ಲಿಯೂ ಅಂದು ದ್ವೇಷವಿರಲಿಲ್ಲ. ಎಲ್ಲರಿಗೂ ಕಾಣುತ್ತದೆಯೆಂದು ತಿಳಿದವನ ಸೋಮಾರಿತನ ಅದು. 'ಇಲ್ಲಿ ಒತ್ತಿ' ಎಂಬುದರ ಬದಲು 'ಪಿಂಚಣಿ ಅರ್ಜಿಯ ನಮೂನೆ' ಎಂದು ಬರೆಯಲು ಎಷ್ಟು ಶ್ರಮ ಬೇಕು? ಚಿತ್ರವೊಂದನ್ನು ಹಾಕಿದಾಗ ಅದರಲ್ಲಿ ಏನಿದೆಯೆಂದು ಒಂದು ಸಾಲು ಸೇರಿಸಿದರೆ ಯಂತ್ರ ಅದನ್ನು ನಮಗೆ ಓದಿ ಹೇಳುತ್ತದೆ. ಸೇರಿಸದಿದ್ದರೆ 'ಚಿತ್ರ' ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಗುಂಡಿಗೆ ಹೆಸರಿಡದಿದ್ದರೆ 'ಬಟನ್' ಎನ್ನುತ್ತದೆ. ಕೆಲವು ತಾಣಗಳಂತೂ ಸೊಟ್ಟಪಟ್ಟ ಅಕ್ಷರಗಳ ಚಿತ್ರವೊಂದನ್ನು ಮುಂದಿಟ್ಟು, 'ನೀವು ಯಂತ್ರವಲ್ಲ, ಮನುಷ್ಯರೆಂದು ಸಾಬೀತುಪಡಿಸಿ' ಎನ್ನುತ್ತವೆ. ನೋಡಬಲ್ಲವನೇ ಮನುಷ್ಯ ಎಂಬ ಈ ವ್ಯಾಖ್ಯೆಯನ್ನು ಯಾವ ಶಾಸ್ತ್ರದಲ್ಲಿಯೂ ನಾನು ಓದಿರಲಿಲ್ಲ.

ಕಾನೂನು ನಮ್ಮ ವಿರುದ್ಧವಾಗಿಲ್ಲ. 2012ರ ತಿದ್ದುಪಡಿಯ ಪ್ರಕಾರ, ಕಣ್ಣು ಕಾಣದವರಿಗಾಗಿ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತರುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗದು. ಇದೇ ಉದ್ದೇಶದ, 2013ರ ಮರ‍್ರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಸ್ಥಿರೀಕರಿಸಿದ್ದು ಭಾರತ. ಬಾಗಿಲನ್ನು ಕಾನೂನು ತೆರೆದಿದೆ. ಬಾಗಿಲೊಳಗಿನ ಪುಸ್ತಕಗಳಲ್ಲಿ ಹಲವು ಇನ್ನೂ ಚಿತ್ರವಾಗಿಯೇ ಕುಳಿತಿವೆ. ಆದ್ದರಿಂದ ಬರೆಯುವ ಮಿತ್ರರಿಗೂ ಪ್ರಕಾಶಕರಿಗೂ ನನ್ನ ಪ್ರಾರ್ಥನೆ ಇಷ್ಟೆ: ನಿಮ್ಮ ಕಡತ ಒಳಗೂ ಕನ್ನಡವಾಗಿರಲಿ.

ಎಲ್ಲವೂ ಮರಳಿ ದೊರೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚುವ ಸುಖ ಹೋಯಿತು. ಷಟ್ಪದಿಯ ಮೂರನೆಯ ಸಾಲಿನ ಕೊನೆಯಲ್ಲಿ ನಿಲ್ಲಬೇಕೆಂಬುದು ಯಂತ್ರಕ್ಕೆ ತಿಳಿಯದು. ಕಾವ್ಯವನ್ನೂ ವಿದ್ಯುತ್ ಬಿಲ್ಲನ್ನೂ ಅದು ಒಂದೇ ರಾಗದಲ್ಲಿ ಓದುತ್ತದೆ. ಕಾವ್ಯಕ್ಕಾಗಿ ನಾನು ಈಗಲೂ ಮನುಷ್ಯರ ಕಂಠವನ್ನೇ ಆಶ್ರಯಿಸಿದ್ದೇನೆ. ಸಂಜೆ ಮೊಮ್ಮಗಳು ಓದುತ್ತಾಳೆ, ನಾನು ತಿದ್ದುತ್ತೇನೆ. ಅವಳ ಹಕಾರಗಳು ಈಗ ಸ್ಪಷ್ಟವಾಗಿವೆ.

ಬಾನುಲಿಯ ಮುಂದೆ ಕುಳಿತ ಕೇಳುಗರಲ್ಲಿ ಕಣ್ಣಿದ್ದವರು, ಇಲ್ಲದವರು ಎಂಬ ಭೇದವಿಲ್ಲ. ಇಲ್ಲಿ ಮಾತನಾಡುವವನು ಬೆರಳು ತೋರಿಸುವಂತಿಲ್ಲ, ಹೆಸರು ಹೇಳಲೇಬೇಕು. ಆದ್ದರಿಂದ ಆ ವಿದ್ಯಾರ್ಥಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿಂದಲೇ ಕೊಡುತ್ತೇನೆ. ಅವನು ಎಲ್ಲಿದ್ದಾನೋ ನಾನರಿಯೆ, ಕೇಳುತ್ತಿದ್ದರೆ ಕೇಳಲಿ. ಅಪ್ಪಾ, 'ಕನ್ನಡ' ಎಂಬ ಪದವನ್ನೇ ತೆಗೆದುಕೊ. ಮೊದಲನೆಯ ಅಕ್ಷರ ಗುರು, ಏಕೆಂದರೆ ಅದರ ಮುಂದೆ ಒತ್ತಕ್ಷರವಿದೆ. ಎರಡನೆಯದು ಲಘು. ಮೂರನೆಯದೂ ಲಘು. ಒಂದು ಗುರು, ಎರಡು ಲಘು, ಇದು ಭಗಣ. ಇಲ್ಲಿಗೆ ಗಣ ಮುಗಿಯಿತು. ಇಲ್ಲಿ ಎಂದರೆ, ಡಕಾರದ ಕೊನೆಯಲ್ಲಿ.

(ಬಾನುಲಿ ಭಾಷಣ)