ಕಾರಿನ ಏ.ಸಿ. ಬಿಸಿಗಾಳಿ ಊದಿದಾಗ

ಬೇಸಿಗೆ ಬಂತೆಂದರೆ ನಮ್ಮ ಊರುಗಳ ಕಾರು ರಿಪೇರಿ ಅಂಗಡಿಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: "ಏ.ಸಿ. ಹಾಕಿದರೆ ಬಿಸಿಗಾಳಿ ಬರುತ್ತದೆ." ಅದಕ್ಕೆ ಸಿಗುವ ಉತ್ತರವೂ ಅನೇಕ ವೇಳೆ ಒಂದೇ: "ಗ್ಯಾಸ್ ಮುಗಿದಿದೆ ಸಾರ್, ತುಂಬಿಸಿಬಿಡೋಣ." ತುಂಬಿಸುತ್ತಾರೆ, ನಾವು ಹಣ ಕೊಟ್ಟು ಬರುತ್ತೇವೆ. ಹದಿನೈದು ದಿನವೋ ಒಂದು ತಿಂಗಳೋ ತಂಪಾಗಿರುತ್ತದೆ, ಆಮೇಲೆ ಯಥಾಪ್ರಕಾರ. ರಾಯಚೂರು, ಕಲಬುರಗಿಗಳ ಕಡೆ ಉಷ್ಣತೆ 40 ಡಿಗ್ರಿ ದಾಟುವ ದಿನಗಳಲ್ಲಿ ಹಸುಗೂಸನ್ನೋ ವೃದ್ಧರನ್ನೋ ಕೂರಿಸಿಕೊಂಡು ದೂರ ಹೊರಟವರಿಗೆ ಇದು ಬರಿಯ ಸುಖದ ಪ್ರಶ್ನೆಯಲ್ಲ. ಅಂಗಡಿಗೆ ಹೋಗುವ ಮೊದಲು ನೀವೇ ಏನನ್ನು ನೋಡಿ ತಿಳಿಯಬಹುದು, ಹೋದ ಮೇಲೆ ಏನನ್ನು ಕೇಳಬೇಕು ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಏ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತಿದ್ದೇ ಸುತ್ತುತ್ತಿರುತ್ತದೆ. ರಬ್ಬರಿನ ಕೊಳವೆ, ಬೆಸುಗೆಗಳ ಮೂಲಕ ವರ್ಷಕ್ಕೆ ಸ್ವಲ್ಪ ಸೋರುವುದುಂಟು, ಅದು ಹಲವು ವರ್ಷಗಳ ಲೆಕ್ಕ. ಒಂದೇ ಬೇಸಿಗೆಯಲ್ಲಿ ಗ್ಯಾಸ್ ಇಲ್ಲವಾಯಿತೆಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತನ್ನು ಹುಡುಕದೆ ಗ್ಯಾಸ್ ತುಂಬಿಸುವುದು, ಪಂಕ್ಚರ್ ಹಾಕಿಸದೆ ಸೈಕಲ್ಲಿಗೆ ಗಾಳಿ ಹೊಡೆದಂತೆ.

ಈ ಯಂತ್ರ ಕೆಲಸ ಮಾಡುವ ಬಗೆ ಬಹಳ ಕಠಿಣವಾದದ್ದೇನೂ ಅಲ್ಲ. ಸೂಜಿ ಚುಚ್ಚುವ ಮುನ್ನ ಡಾಕ್ಟರು ತೋಳಿಗೆ ಸ್ಪಿರಿಟ್ ಹಚ್ಚಿದರೆ ಅಲ್ಲಿ ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಸುತ್ತಲ ಶಾಖವನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ. ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಒಳಗೆ ಕೂಲಿಂಗ್ ಕಾಯಿಲ್ ಇದೆ. ಅದರಲ್ಲಿ ಗ್ಯಾಸಿನ ದ್ರವರೂಪ ಆವಿಯಾಗಿ, ಫ್ಯಾನು ದೂಡುವ ಗಾಳಿಯಿಂದ ಶಾಖವನ್ನು ಎಳೆದುಕೊಳ್ಳುತ್ತದೆ. ಆ ಆವಿಯನ್ನು ಇಂಜಿನ್ನಿನ ಪಕ್ಕದಲ್ಲಿರುವ ಕಂಪ್ರೆಸರ್ ಎಳೆದು ಒತ್ತಿ, ಮುಂಭಾಗದ ಕಂಡೆನ್ಸರಿಗೆ ಕಳುಹಿಸುತ್ತದೆ. ಅಲ್ಲಿ ಅದು ಶಾಖವನ್ನು ಹೊರಗಾಳಿಗೆ ಬಿಟ್ಟುಕೊಟ್ಟು ಮತ್ತೆ ದ್ರವವಾಗುತ್ತದೆ. ಆ ದ್ರವ ಒಂದು ಕಿರಿದಾದ ಕವಾಟದ ಮೂಲಕ ಹಾದು ಪುನಃ ಕೂಲಿಂಗ್ ಕಾಯಿಲಿಗೆ ಬರುತ್ತದೆ. ಹೀಗೆ ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುವುದೇ ಏ.ಸಿ.ಯ ಕೆಲಸ. ಹೊರುವವನು ನಿಂತರೂ ತಂಪಿಲ್ಲ. ಹೊರಗೆ ಇಳಿಸಲು ಜಾಗವಿಲ್ಲದಿದ್ದರೂ ತಂಪಿಲ್ಲ. ಗ್ಯಾಸ್ ಕಡಿಮೆಯಾಗುವುದು ಹಲವು ಕಾರಣಗಳಲ್ಲಿ ಒಂದು ಮಾತ್ರ.

ಈಗ ಪರೀಕ್ಷೆಗೆ ಬರೋಣ. ಬಿಸಿಲಿನಲ್ಲಿ ನಿಂತ ಕಾರನ್ನು ತೆಗೆದ ಕೂಡಲೇ ತೀರ್ಮಾನ ಮಾಡಬೇಡಿ. ಕಿಟಕಿಗಳನ್ನು ತೆರೆದು ಒಳಗಿನ ಕಾವನ್ನು ಹೊರಗೆ ಬಿಡಿ. ಬಳಿಕ ಕಿಟಕಿ ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಗುಂಡಿ ಒತ್ತಿ, ಹತ್ತು ನಿಮಿಷ ಓಡಿಸಿ ನೋಡಿ. ತಾಪ ಬದಲಿಸುವ ತಿರುಗಣೆ ಪೂರ್ತಿ ತಂಪಿನ ಕಡೆಗಿದೆಯೇ ಎಂಬುದನ್ನೂ ಗಮನಿಸಿ. ಇಂಜಿನ್ನಿನ ಬಿಸಿನೀರಿನಿಂದ ಕಾಯುವ ಹೀಟರು ಅದೇ ಪೆಟ್ಟಿಗೆಯಲ್ಲಿರುತ್ತದೆ. ನಡುವಣ ಸಣ್ಣ ಬಾಗಿಲು ಸಿಕ್ಕಿಕೊಂಡರೆ ತಂಪಾದ ಗಾಳಿಗೆ ಬಿಸಿಗಾಳಿ ಬೆರೆಯುತ್ತದೆ. ಆಗ ಎಷ್ಟು ಗ್ಯಾಸ್ ತುಂಬಿಸಿದರೂ ವ್ಯರ್ಥ.

ಇನ್ನು, ಗಾಳಿ ಜೋರಾಗಿ ಬರುತ್ತಿದೆಯೇ ಅಥವಾ ಸಣ್ಣಗೆ ಬರುತ್ತಿದೆಯೇ? ಫ್ಯಾನಿನ ಸದ್ದು ಜೋರಾಗಿದ್ದು ಗಾಳಿ ಮಾತ್ರ ಸಣ್ಣಗಿದ್ದರೆ, ಒಳಗಾಳಿ ಸೋಸುವ ಫಿಲ್ಟರು ದೂಳಿನಿಂದ ಕಟ್ಟಿಕೊಂಡಿರಬಹುದು. ಬಹಳಷ್ಟು ಕಾರುಗಳಲ್ಲಿ ಅದು ಎಡಗಡೆಯ ಸಾಮಾನುಪೆಟ್ಟಿಗೆಯ ಹಿಂದೆ ಇರುತ್ತದೆ. ಮನೆಯಲ್ಲೇ ತೆಗೆದು ಬದಲಿಸಬಹುದು. ಮೊದಲು ಅರ್ಧ ಗಂಟೆ ಚೆನ್ನಾಗಿ ತಂಪಾಗಿ, ಆಮೇಲೆ ಗಾಳಿಯೇ ಕುಗ್ಗಿ, ಸ್ವಲ್ಪ ಹೊತ್ತು ಏ.ಸಿ. ನಿಲ್ಲಿಸಿದ ಮೇಲೆ ಪುನಃ ಸರಿಯಾದರೆ, ಕೂಲಿಂಗ್ ಕಾಯಿಲಿನ ಮೇಲೆ ಮಂಜು ಕಟ್ಟುತ್ತಿದೆ ಎಂದು ಊಹಿಸಬಹುದು. ಗಾಳಿಯಲ್ಲಿ ತೇವ ಹೆಚ್ಚಿರುವ ಕರಾವಳಿಯಲ್ಲಿ, ಮಳೆಗಾಲದಲ್ಲಿ, ಹೀಗಾಗುವ ಸಂಭವ ಹೆಚ್ಚು. ಕಾರಿನ ಕೆಳಗೆ ಶುಭ್ರವಾದ ನೀರು ತೊಟ್ಟಿಕ್ಕಿದರೆ ಗಾಬರಿಯಾಗಬೇಡಿ. ಅದು ಗಾಳಿಯ ತೇವವೇ ಇಳಿದ ನೀರು, ಏ.ಸಿ. ಕೆಲಸ ಮಾಡುತ್ತಿರುವುದಕ್ಕೆ ಗುರುತು.

ಮುಂದಿನ ಪ್ರಶ್ನೆ ಮುಖ್ಯವಾದದ್ದು: ಕಾರು ಓಡುವಾಗ ತಂಪಾಗಿದ್ದು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿಯಾಗುತ್ತದೆಯೇ? ಹಾಗಾದರೆ ಕಂಡೆನ್ಸರಿನತ್ತ ಕಣ್ಣು ಹಾಯಿಸಿ. ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ವಿದ್ಯುತ್ ಫ್ಯಾನಿನದು. ಏ.ಸಿ. ಹಾಕಿದಾಗ ಆ ಫ್ಯಾನು ತಿರುಗುತ್ತದೆಯೇ ನೋಡಿ. ಕಂಡೆನ್ಸರಿನ ಸಂದುಗಳಲ್ಲಿ ಕೆಸರು, ಹುಳುಹುಪ್ಪಟೆ ತುಂಬಿದ್ದರೂ ಇದೇ ಫಲ. ಮೆಲ್ಲಗೆ ನೀರು ಹಾಯಿಸಿ ತೊಳೆಯಿರಿ. ರಭಸವಾಗಿ ಬಿಟ್ಟರೆ ತೆಳುವಾದ ತಗಡುಗಳು ಮಡಚಿಹೋದಾವು. ಇದೇ ವೇಳೆ ಇಂಜಿನ್ ತಾಪದ ಮುಳ್ಳನ್ನೂ ನೋಡಿ. ಇಂಜಿನ್ ಅತಿಯಾಗಿ ಕಾದರೆ ಅನೇಕ ಕಾರುಗಳಲ್ಲಿ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತದೆ. ಆಗ ಏ.ಸಿ.ಯನ್ನು ಮರೆತು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವುದೇ ಬುದ್ಧಿವಂತಿಕೆ.

ಇಷ್ಟರಲ್ಲೂ ಕಾರಣ ಸಿಗದಿದ್ದರೆ ಬಾನೆಟ್ ತೆರೆದು, ಇನ್ನೊಬ್ಬರಿಗೆ ಏ.ಸಿ. ಗುಂಡಿ ಒತ್ತುವಂತೆ ಹೇಳಿ, ದೂರ ನಿಂತು ಕಂಪ್ರೆಸರನ್ನು ಗಮನಿಸಿ. ಸೆರಗು, ದುಪಟ್ಟಾ, ಪಂಚೆಯ ತುದಿ ಬೆಲ್ಟಿನ ಬಳಿ ಸುಳಿಯಕೂಡದು. ಹಲವು ಕಾರುಗಳಲ್ಲಿ ಗುಂಡಿ ಒತ್ತಿದೊಡನೆ 'ಟಿಕ್' ಎಂಬ ಸದ್ದಾಗಿ ಕಂಪ್ರೆಸರಿನ ಮುಂದಿನ ತಟ್ಟೆ ತಿರುಗಲಾರಂಭಿಸುತ್ತದೆ. ಈ ತಟ್ಟೆ, ಅಂದರೆ ಕ್ಲಚ್ಚು, ಇಲ್ಲದ ಕಂಪ್ರೆಸರುಗಳೂ ಈಗ ಬಂದಿವೆ. ಅವಕ್ಕೆ ಈ ಪರೀಕ್ಷೆ ಸಲ್ಲದು. ತಟ್ಟೆ ತಿರುಗದಿದ್ದರೆ ಫ್ಯೂಸು, ರಿಲೇ, ತಂತಿ, ಕ್ಲಚ್ಚು, ಇವುಗಳಲ್ಲಿ ಯಾವುದಾದರೂ ಕೆಟ್ಟಿರಬಹುದು. ಅಥವಾ ಗ್ಯಾಸ್ ತೀರ ಕಡಿಮೆಯಾಗಿ, ರಕ್ಷಣೆಗಾಗಿ ಇಟ್ಟ ಪ್ರೆಶರ್ ಸ್ವಿಚ್ಚು ಕಂಪ್ರೆಸರನ್ನು ತಡೆಹಿಡಿದಿರಬಹುದು. ಕೆಲವರು ಆ ಸ್ವಿಚ್ಚಿನ ಎರಡು ತಂತಿ ಸೇರಿಸಿ ಬಲವಂತವಾಗಿ ಓಡಿಸುವುದುಂಟು. ಅದಕ್ಕೆ ಒಪ್ಪಬೇಡಿ. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಡನೆಯೇ ಸುತ್ತುತ್ತದೆ. ಗ್ಯಾಸಿಲ್ಲದೆ ಓಡಿಸಿದರೆ ಎಣ್ಣೆಯಿಲ್ಲದ ಗಾಣದ ಗತಿ. ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ ದೊಡ್ಡದಾದೀತು.

ಅಂಗಡಿಯಲ್ಲಿ ಮೆಕ್ಯಾನಿಕ್ಕು ಎರಡು ಮೀಟರುಗಳನ್ನು ಜೋಡಿಸಿ ಒತ್ತಡ ನೋಡುತ್ತಾನೆ. ಕಂಪ್ರೆಸರ್ ಓಡುತ್ತಿದ್ದಾಗ ಎರಡು ಕಡೆಯೂ ಒತ್ತಡ ಕಡಿಮೆಯಿದ್ದರೆ ಗ್ಯಾಸ್ ಕೊರತೆಯ ಶಂಕೆ. ಎರಡು ಕಡೆಯೂ ಹೆಚ್ಚಿದ್ದರೆ ಕಂಡೆನ್ಸರ್ ಫ್ಯಾನಿನ ದೋಷ, ಅಥವಾ ಗ್ಯಾಸ್ ಮಿತಿಮೀರಿ ತುಂಬಿರುವುದು, ಅಥವಾ ಒಳಗೆ ಗಾಳಿ ಸೇರಿರುವುದು. ಎರಡೂ ಮುಳ್ಳುಗಳು ಹೆಚ್ಚುಕಡಿಮೆ ಸಮನಾಗಿ ನಿಂತರೆ ಕಂಪ್ರೆಸರ್ ಒತ್ತುತ್ತಲೇ ಇಲ್ಲ. ಆದರೆ ಇಂಜಿನ್ ನಿಲ್ಲಿಸಿ ಮೀಟರ್ ತೋರಿಸಿ "ಗ್ಯಾಸ್ ಸರಿಯಾಗಿದೆ" ಎಂದರೆ ನಂಬಬೇಡಿ. ಈಗಿನ ಬಹುಪಾಲು ಕಾರುಗಳಲ್ಲಿರುವ ಆರ್-134ಎ ಎಂಬ ಗ್ಯಾಸು 30 ಡಿಗ್ರಿ ತಾಪದಲ್ಲಿ, ಒಳಗೆ ಸ್ವಲ್ಪ ದ್ರವವಿದ್ದರೂ ಸರಿ, ಪೂರ್ತಿ ಇದ್ದರೂ ಸರಿ, ಚದರ ಅಂಗುಲಕ್ಕೆ ಸುಮಾರು 97 ಪೌಂಡು ಒತ್ತಡವನ್ನೇ ತೋರಿಸುತ್ತದೆ. ಅಡುಗೆಯ ಸಿಲಿಂಡರು ಅರ್ಧ ಖಾಲಿಯಾದರೂ ಒಲೆಯ ಉರಿ ಮೊದಲಿನಂತೆಯೇ ಇರುವುದಿಲ್ಲವೇ? ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಗಬೇಕು. ಕಾರಿಗೂ ಅದೇ ನ್ಯಾಯ. ಒಳಗಿರುವ ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ನಮೂದಿಸಿರುವ ಗ್ರಾಮುಗಳಿಗೆ ಹೋಲಿಸಿ ನೋಡುವುದೇ ಸರಿಯಾದ ಕ್ರಮ. ಚಿಕ್ಕ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅರ್ಧ ಕಿಲೋವಿಗೂ ಕಡಿಮೆ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ತಪ್ಪು. ಹೆಚ್ಚಾದರೂ ತಂಪು ಕುಗ್ಗುತ್ತದೆ.

ತೂಕ ಕಡಿಮೆ ಬಂದರೆ ಸೋರಿಕೆಯನ್ನು ಹುಡುಕಬೇಕು. ಕೊಳವೆಯ ಸಂದುಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅದೇ ಮೊದಲ ಸುಳಿವು. ಸಾರಜನಕ ತುಂಬಿ ಸಾಬೂನಿನ ನೊರೆ ಹಚ್ಚಿ ನೋಡುವುದು, ಹೊಳೆಯುವ ಬಣ್ಣ ಬೆರೆಸಿ ನೀಲಿ ದೀಪದಲ್ಲಿ ಹುಡುಕುವುದು, ಇವೆಲ್ಲ ಬಳಕೆಯಲ್ಲಿರುವ ವಿಧಾನಗಳು. ಎಷ್ಟೋ ಸಲ ಕೆಟ್ಟಿರುವುದು ಒಂದು ರಬ್ಬರ್ ಬಳೆಯೋ ತುಂಬುವ ಕಡೆಯ ಪುಟ್ಟ ವಾಲ್ವೋ ಆಗಿರುತ್ತದೆ. ದುರಸ್ತಿಯಾದ ಮೇಲೆ ಒಳಗಿನ ಗಾಳಿಯನ್ನು ಪೂರ್ತಿ ಹೀರಿ ವ್ಯಾಕ್ಯೂಮ್ ಮಾಡಿಸಬೇಕು. ಆಗ ಒಳಗಿನ ತೇವವೂ ಆವಿಯಾಗಿ ಹೋಗುತ್ತದೆ. ಉಳಿದ ತೇವ ಕವಾಟದಲ್ಲಿ ಹೆಪ್ಪುಗಟ್ಟೀತು, ಆಮ್ಲವಾಗಿ ಲೋಹವನ್ನು ತಿಂದೀತು. ಇದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಅವಸರಪಡಿಸಬೇಡಿ. ಕೊಳವೆಗಳ ಮರೆಗಳನ್ನು ನೀವೇ ಸಡಿಲಿಸುವ ಸಾಹಸವೂ ಬೇಡ. ಚಿಮ್ಮಿದ ದ್ರವ ಚರ್ಮವನ್ನೂ ಕಣ್ಣನ್ನೂ ಕ್ಷಣದಲ್ಲಿ ಹೆಪ್ಪುಗಟ್ಟಿಸಬಲ್ಲದು.

ಸೋರಿದ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಬೇಕು. ಹಿಂದೆ ಕಾರುಗಳಲ್ಲಿದ್ದ ಆರ್-12 ಭೂಮಿಯ ಓಜೋನ್ ಪದರವನ್ನು ಸವೆಸುವ ಜಾತಿಯದು. ಈ ಅಪಾಯವನ್ನು 1974ರಲ್ಲಿ ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ ಆ ಗ್ಯಾಸ್ ಮೂಲೆಗೆ ಸರಿಯಿತು. ಬದಲಿಗೆ ಬಂದ ಆರ್-134ಎ ಓಜೋನಿಗೆ ಕೇಡು ಮಾಡದು. ಆದರೆ ಶಾಖವನ್ನು ಹಿಡಿದಿಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲು. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ 2016ರ ಕಿಗಾಲಿ ತಿದ್ದುಪಡಿಗೆ ಭಾರತವೂ 2021ರಲ್ಲಿ ಸಮ್ಮತಿ ನೀಡಿದೆ. ಸೋರುವ ಕಾರಿಗೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿಸುವವರು ತಮ್ಮ ಹಣವನ್ನು ಮಾತ್ರವಲ್ಲ, ಮುಂದಿನ ಬೇಸಿಗೆಯ ಬಿಸಿಯನ್ನೂ ಗಾಳಿಗೆ ಬಿಟ್ಟಂತಾಗುತ್ತದೆ. ಅಗ್ಗವೆಂದು ಅಡುಗೆ ಗ್ಯಾಸಿನ ಜಾತಿಯ ಉರಿಯುವ ಅನಿಲ ತುಂಬಲು ಯಾರಾದರೂ ಹೇಳಿದರೆ ಖಂಡಿತವಾಗಿ ಬೇಡವೆನ್ನಿ.

ಕಾರನ್ನು ಒಪ್ಪಿಸುವಾಗ "ಏ.ಸಿ. ಕೆಟ್ಟಿದೆ" ಎಂದಷ್ಟೇ ಹೇಳಿ ಬರಬೇಡಿ. ಗಾಳಿ ಜೋರೋ ಸಣ್ಣಗೋ, ಓಡುವಾಗಲೋ ನಿಂತಾಗಲೋ, ಮೊದಲಿನಿಂದಲೋ ಅರ್ಧ ಗಂಟೆಯ ಬಳಿಕವೋ, ಕಂಪ್ರೆಸರ್ ತಿರುಗಿತೋ ಇಲ್ಲವೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಹಿಂದಿರುಗಿ ಪಡೆಯುವಾಗ ಮೂರು ಮಾತು ಕೇಳಿ: ಎಷ್ಟು ಗ್ರಾಮು ಹೊರಬಂತು, ಎಲ್ಲಿ ಸೋರುತ್ತಿತ್ತು, ಎಷ್ಟು ಗ್ರಾಮು ತುಂಬಿದಿರಿ? ಕೆಲಸ ಬಲ್ಲ ಮೆಕ್ಯಾನಿಕ್ಕು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಉತ್ತರ ಸಿಗದ ಕಡೆ ದುಡ್ಡು ಕೊಡುವ ಮುನ್ನ ಇನ್ನೊಂದು ಅಂಗಡಿಯನ್ನು ವಿಚಾರಿಸುವುದು ಲೇಸು.