ಕಣ್ಣೀರನ್ನು ಸಾಕ್ಷ್ಯವಾಗಿಸಿದ ವಕೀಲ

(ಕಾನೂನು ವಿದ್ಯಾರ್ಥಿಗಳು ಮತ್ತು ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಪಟ್ಟಣಗಳಲ್ಲಿ ಪಿಯುಸಿ ಫಲಿತಾಂಶ ಪ್ರಕಟವಾದ ವಾರ ಯಾವ ಮನೆಗೆ ಹೋದರೂ ಒಂದೇ ಚರ್ಚೆ ಕೇಳಿಬರುತ್ತದೆ. ಅಂಕ ಚೆನ್ನಾಗಿದ್ದರೆ ವೈದ್ಯಕೀಯ, ತುಸು ಕಡಿಮೆಯಾದರೆ ಇಂಜಿನಿಯರಿಂಗ್, ಅದೂ ಇಲ್ಲವಾದರೆ ವಾಣಿಜ್ಯ ಪದವಿ ಮತ್ತು ಗಲ್ಫಿನ ವೀಸಾ. ಕಾನೂನು ಎಂಬ ಪದ ಆ ಚರ್ಚೆಯಲ್ಲಿ ಸುಳಿಯುವುದೇ ಅಪರೂಪ. ಸುಳಿದರೂ, ವಕೀಲನೆಂದರೆ ಸುಳ್ಳನ್ನು ನಿಜ ಮಾಡುವವನು ಎಂಬ ಒಂದು ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಆದರೆ ಜಾಗದ ತಕರಾರು ಎದ್ದಾಗ, ನಿರಪರಾಧಿ ಮಗನನ್ನು ಪೊಲೀಸರು ಕರೆದೊಯ್ದಾಗ, ಮಗಳಿಗೆ ನ್ಯಾಯವಾಗಿ ಸಲ್ಲಬೇಕಾದುದು ಸಲ್ಲದಿದ್ದಾಗ ಅದೇ ಹಿರಿಯರು ಯಾರ ಬಾಗಿಲು ತಟ್ಟುತ್ತಾರೆ? ವಕೀಲರದ್ದೇ ಅಲ್ಲವೇ?

ಆದ್ದರಿಂದ ಇಂದು ಉಪದೇಶ ಮಾಡುವ ಬದಲು ಓರ್ವ ವಕೀಲರ ವೃತ್ತಿಜೀವನವನ್ನು ನಿಮ್ಮ ಮುಂದಿಡಲು ನಾವು ಬಯಸುತ್ತೇವೆ. ಅವರ ಹೆಸರು ಅಬೂಬಕರ್ ತಂಬಾದು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಅವರ ದೇಶ. ಮೂರು ದಿಕ್ಕುಗಳಲ್ಲಿ ಸೆನೆಗಲ್ ಸುತ್ತುವರಿದಿರುವ, ಒಂದು ನದಿಯ ಎರಡೂ ದಡಗಳಲ್ಲಿ ಪಟ್ಟಿಯಂತೆ ಚಾಚಿಕೊಂಡಿರುವ, ಆಫ್ರಿಕಾದ ಮುಖ್ಯ ಭೂಭಾಗದಲ್ಲೇ ಅತಿ ಚಿಕ್ಕ ರಾಷ್ಟ್ರವದು.

ತಂಬಾದು 1972ರಲ್ಲಿ 18 ಮಕ್ಕಳ ದೊಡ್ಡ ಕುಟುಂಬವೊಂದರಲ್ಲಿ ಜನಿಸಿದರು. ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿತು ಊರಿಗೆ ಮರಳಿದರು. ಸರಕಾರಿ ಅಭಿಯೋಜಕರಾಗಿ ದುಡಿದು ಬಳಿಕ ಖಾಸಗಿಯಾಗಿ ವಕೀಲಿ ಆರಂಭಿಸಿದರು. ಆಗ ಆ ದೇಶವನ್ನು 1994ರ ಸೇನಾ ಕ್ರಾಂತಿಯಿಂದ ಅಧಿಕಾರಕ್ಕೆ ಬಂದಿದ್ದ ಯಾಹ್ಯಾ ಜಾಮೆ ಆಳುತ್ತಿದ್ದರು. 2000ದ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯ ಮೇಲೆ ಭದ್ರತಾ ಪಡೆಗಳು ಗುಂಡು ಹಾರಿಸಿದಾಗ 14 ಮಂದಿ ಪ್ರಾಣ ಕಳಕೊಂಡರು. ಅಂತಹ ವಾತಾವರಣದಲ್ಲಿ ಓರ್ವ ಯುವ ವಕೀಲನಿಗೆ ನ್ಯಾಯದ ಮಾತಾಡಲು ಎಷ್ಟು ಅವಕಾಶವಿದ್ದೀತೆಂದು ನೀವೇ ಊಹಿಸಿ. 2003ರಲ್ಲಿ ಅವರು ದೇಶ ಬಿಟ್ಟು ತಾಂಜಾನಿಯಾದ ಅರುಷಾ ನಗರಕ್ಕೆ ತೆರಳಿದರು.

ಅರುಷಾದಲ್ಲಿ ಏನಿತ್ತು? 1994ರಲ್ಲಿ ರುವಾಂಡಾದಲ್ಲಿ ಸುಮಾರು ನೂರು ದಿನಗಳ ಅವಧಿಯಲ್ಲಿ ಎಂಟು ಲಕ್ಷದಷ್ಟು ಜನರನ್ನು, ಬಹುಪಾಲು ತುತ್ಸಿ ಜನಾಂಗದವರನ್ನು, ಕೊಲ್ಲಲಾಯಿತು. ನೆರೆಮನೆಯವರೇ ಕತ್ತಿ ಹಿಡಿದರು. ರೇಡಿಯೋ ಕೇಂದ್ರವೇ ದ್ವೇಷ ಬಿತ್ತಿತು. ಆ ಅಪರಾಧಗಳ ವಿಚಾರಣೆಗಾಗಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಸ್ಥಾಪಿಸಿದ ನ್ಯಾಯಮಂಡಳಿ ಅರುಷಾದಲ್ಲಿತ್ತು. 1998ರಲ್ಲಿ ಝಾನ್-ಪಾಲ್ ಅಕಾಯೆಸು ಎಂಬ ಮಾಜಿ ಮೇಯರನನ್ನು ಜನಾಂಗ ಹತ್ಯೆಯ ಅಪರಾಧಿಯೆಂದು ಘೋಷಿಸಿದ್ದು ಇದೇ ಮಂಡಳಿ. ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ಈ ಅಪರಾಧಕ್ಕಾಗಿ ಶಿಕ್ಷಿಸಿದ್ದು ಅದೇ ಮೊದಲು. ಆ ಪೀಠದಲ್ಲಿದ್ದ ನವಿ ಪಿಳ್ಳೈ ಎಂಬ ನ್ಯಾಯಾಧೀಶೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರಲಿದೆ.

ತಂಬಾದು ಇಲ್ಲಿ ಅಭಿಯೋಜಕರ ತಂಡ ಸೇರಿದರು. ರುವಾಂಡಾ ಸೇನೆಯ ಮುಖ್ಯಸ್ಥನಾಗಿದ್ದ ಅಗಸ್ಟಿನ್ ಬಿಝಿಮುಂಗು ವಿರುದ್ಧದ ಮೊಕದ್ದಮೆಯಲ್ಲಿ ಅವರು ದುಡಿದರು. 2004ರಲ್ಲಿ ಆರಂಭವಾದ ವಿಚಾರಣೆಯ ತೀರ್ಪು ಬಂದದ್ದು 2011ರಲ್ಲಿ. 30 ವರ್ಷಗಳ ಸೆರೆವಾಸ. ಒಂದು ಮೊಕದ್ದಮೆಗೆ ಸುಮಾರು ಏಳು ವರ್ಷ! ಯಾವ ದಿನ, ಯಾವ ಸ್ಥಳ, ಯಾರ ಆಜ್ಞೆ, ನೋಡಿದವರು ಯಾರು ಎಂಬ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಹುಡುಕುವ ಕೆಲಸವದು. ಪ್ರತಿವಾದಿ ವಕೀಲನ ಪಾಟೀಸವಾಲಿಗೆ ತಡೆದು ನಿಲ್ಲದ ಸಾಕ್ಷ್ಯ ಎಷ್ಟೇ ಕಣ್ಣೀರಿನಿಂದ ಕೂಡಿದ್ದರೂ ಅಲ್ಲಿ ಉಪಯೋಗಕ್ಕೆ ಬಾರದು. ಆರೋಪ ಮಾಡುವವನೇ ಪುರಾವೆ ತರಬೇಕೆಂಬ ನಿಯಮವನ್ನು ನಾವು ಮದ್ರಸದಲ್ಲಿ ಫಿಕ್‌ಹ್ ಕಲಿಯುವಾಗ ಬಾಯಿಪಾಠ ಮಾಡಿದ್ದೆವು. ಅದರ ಭಾರ ಎಷ್ಟೆಂಬುದು ನಮಗೆ ಅರ್ಥವಾದದ್ದು ಇಂತಹ ಮೊಕದ್ದಮೆಗಳ ಕುರಿತು ಓದಿದಾಗ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರುವಾಂಡಾದಲ್ಲಿ ಸತ್ತವರಲ್ಲಿ ಬಹುಪಾಲು ಮಂದಿ ಕ್ರೈಸ್ತರು. ತಂಬಾದುರಿಗೆ ಅವರು ಸ್ವದೇಶದವರೂ ಅಲ್ಲ, ಸ್ವಧರ್ಮೀಯರೂ ಅಲ್ಲ. ಆದರೂ ತನ್ನ ಯೌವನದ ಒಂದು ದಶಕಕ್ಕೂ ಮಿಕ್ಕ ಕಾಲವನ್ನು ಅವರು ಈ ಪರಕೀಯರ ನೋವಿಗಾಗಿ ಕಡತಗಳ ನಡುವೆ ಕಳೆದರು.

ಚುನಾವಣೆಯಲ್ಲಿ ಸೋತಿದ್ದ ಜಾಮೆ 2017ರ ಜನವರಿಯಲ್ಲಿ ದೇಶ ತೊರೆದ ಬಳಿಕ ತಂಬಾದು ತಾಯ್ನಾಡಿನ ನ್ಯಾಯ ಸಚಿವರಾದರು. ಅವರ ಅವಧಿಯಲ್ಲೇ ಸತ್ಯ ಮತ್ತು ಸಮನ್ವಯ ಆಯೋಗ ರಚನೆಯಾಗಿ, 2019ರ ಜನವರಿಯಿಂದ ಜಾಮೆ ಆಡಳಿತದ ಸಂತ್ರಸ್ತರು ಬಹಿರಂಗವಾಗಿ ಸಾಕ್ಷ್ಯ ನುಡಿಯತೊಡಗಿದರು. ಅಂದರೆ, ಇತರರ ಅಂಗಳದ ಅನ್ಯಾಯವನ್ನು ಪ್ರಶ್ನಿಸುವುದಕ್ಕೆ ಮೊದಲು ಅವರು ಸ್ವಂತ ಮನೆಯ ಕಡತವನ್ನು ತೆರೆದರು.

2018ರ ಮೇ ತಿಂಗಳಲ್ಲಿ ಢಾಕಾದಲ್ಲಿ ಇಸ್ಲಾಮಿಕ್ ಸಹಕಾರ ಸಂಘಟನೆಯ ವಿದೇಶ ಸಚಿವರ ಸಭೆಯಿತ್ತು. ಗ್ಯಾಂಬಿಯಾದ ವಿದೇಶ ಸಚಿವರ ಬದಲಿಗೆ ತಂಬಾದು ಹೋದರು. ಆ ಪ್ರಯಾಣದಲ್ಲಿ ಅವರು ಕಾಕ್ಸ್ ಬಝಾರಿನ ರೋಹಿಂಗ್ಯಾ ಶಿಬಿರಗಳನ್ನು ಕಂಡರು. 2017ರ ಆಗಸ್ಟ್ ಬಳಿಕ ಮ್ಯಾನ್ಮಾರಿನ ರಖೈನ್ ಪ್ರಾಂತದಿಂದ ಏಳು ಲಕ್ಷಕ್ಕೂ ಹೆಚ್ಚು ಜನ ಓಡಿಬಂದು ಅಲ್ಲಿ ಸೇರಿದ್ದರು. ಸುಟ್ಟ ಗ್ರಾಮಗಳ, ಬೆಂಕಿಗೆ ಎಸೆಯಲಾದ ಮಕ್ಕಳ, ಅತ್ಯಾಚಾರಕ್ಕೊಳಗಾದ ಮಹಿಳೆಯರ ಕಥೆಗಳನ್ನು ಅವರು ಕೇಳಿದರು. ಆ ಶಿಬಿರಗಳಿಗೆ ಅವರಿಗಿಂತ ಮೊದಲು ಅದೆಷ್ಟೋ ಗಣ್ಯರು ಬಂದು ಕಣ್ಣೀರಿಟ್ಟು ಹೋಗಿದ್ದರು. ಆದರೆ ಈ ವಕೀಲರಿಗೆ ಆ ಕಥೆಗಳು ಪರಿಚಿತವೆನಿಸಿದವು. ರುವಾಂಡಾದ ಸಾಕ್ಷಿಗಳ ಬಾಯಿಯಿಂದ ಅವನ್ನೇ ಕೇಳಿದ್ದರು. ಆದ್ದರಿಂದ ಅವರು ಸಹಾನುಭೂತಿಯ ಹೇಳಿಕೆ ಕೊಟ್ಟು ಸುಮ್ಮನಾಗಲಿಲ್ಲ. ಕಾನೂನಿನಲ್ಲಿ ಬಾಗಿಲೆಲ್ಲಿದೆ ಎಂದು ಹುಡುಕಿದರು.

ಬಾಗಿಲು ಇತ್ತು. 1948ರ ಜನಾಂಗ ಹತ್ಯೆ ವಿರೋಧಿ ಒಪ್ಪಂದದ 9ನೇ ವಿಧಿಯಂತೆ ಸದಸ್ಯ ರಾಷ್ಟ್ರಗಳ ನಡುವಿನ ವಿವಾದವನ್ನು ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬಹುದು. ಮ್ಯಾನ್ಮಾರ್ 1956ರಲ್ಲೇ ಈ ಒಪ್ಪಂದವನ್ನು ಅನುಮೋದಿಸಿತ್ತು. ನಿರಾಶ್ರಿತರ ಹೊರೆ ಹೊತ್ತ ಬಾಂಗ್ಲಾದೇಶ ಆ ವಿಧಿಗೆ ಷರತ್ತು ಹಾಕಿಕೊಂಡಿತ್ತು. ನಮ್ಮ ಭಾರತವೂ ಅದೇ ವಿಧಿಗೆ ಷರತ್ತು ಹಾಕಿದೆ. ಗ್ಯಾಂಬಿಯಾ ಅಂತಹ ಷರತ್ತನ್ನು ಹಾಕಿರಲಿಲ್ಲ. ಆದರೆ ಏಳು ಸಮುದ್ರದಾಚೆಯ ದೇಶವೊಂದು ತನಗೆ ಹಾನಿಯೇ ಆಗದ ವಿಷಯದಲ್ಲಿ ಫಿರ್ಯಾದಿಯಾಗಬಹುದೇ? ಇದಕ್ಕೆ ಬೆಂಬಲವಾಗಿ ಒಂದು ಪೂರ್ವನಿದರ್ಶನವಿತ್ತು. 2012ರಲ್ಲಿ ಚಾಡ್‌ನ ಮಾಜಿ ಸರ್ವಾಧಿಕಾರಿಯ ವಿಚಾರಣೆಗೆ ಸಂಬಂಧಿಸಿ ಸೆನೆಗಲ್ ವಿರುದ್ಧ ಬೆಲ್ಜಿಯಂ ಹೂಡಿದ ದಾವೆಯಲ್ಲಿ, ಚಿತ್ರಹಿಂಸೆ ವಿರೋಧಿ ಒಪ್ಪಂದದ ಪಾಲನೆಯಲ್ಲಿ ಅದಕ್ಕೆ ಸಹಿ ಹಾಕಿದ ಪ್ರತಿಯೊಂದು ದೇಶಕ್ಕೂ ಹಿತಾಸಕ್ತಿಯಿದೆ ಎಂದು ಇದೇ ನ್ಯಾಯಾಲಯ ಹೇಳಿತ್ತು.

57 ರಾಷ್ಟ್ರಗಳ ಆ ಸಂಘಟನೆಯಲ್ಲಿ ತೈಲ ಸಂಪತ್ತಿರುವ ದೇಶಗಳಿವೆ, ದೊಡ್ಡ ಸೈನ್ಯವಿರುವ ದೇಶಗಳಿವೆ. ಅವು ಖಂಡನಾ ನಿರ್ಣಯಗಳನ್ನು ಅಂಗೀಕರಿಸಿದವು, ಈ ದಾವೆಗೆ ಬೆಂಬಲವನ್ನೂ ನೀಡಿದವು. ಆದರೆ ಫಿರ್ಯಾದಿಯ ಜಾಗದಲ್ಲಿ ತನ್ನ ಹೆಸರು ಬರೆದದ್ದು ಅವುಗಳಲ್ಲೇ ತೀರಾ ಬಡ ರಾಷ್ಟ್ರಗಳಲ್ಲೊಂದು. 2019ರ ನವೆಂಬರ್ 11ರಂದು 46 ಪುಟಗಳ ಅರ್ಜಿ ಹೇಗ್ ತಲುಪಿತು. ಡಿಸೆಂಬರ್‌ನಲ್ಲಿ ವಿಚಾರಣೆ ನಡೆದಾಗ ಮ್ಯಾನ್ಮಾರಿನ ಪರವಾಗಿ ಸ್ವತಃ ಆಂಗ್ ಸಾನ್ ಸೂಕಿ ಬಂದು ನಿಂತರು. 1991ರ ನೊಬೆಲ್ ಶಾಂತಿ ಪುರಸ್ಕೃತೆ ಒಂದು ಕಡೆ, ಗ್ಯಾಂಬಿಯಾದ ವಕೀಲ ಇನ್ನೊಂದು ಕಡೆ!

2020ರ ಜನವರಿ 23ರಂದು ನ್ಯಾಯಾಲಯ ಮಧ್ಯಂತರ ಆದೇಶ ನೀಡಿತು. ರೋಹಿಂಗ್ಯಾಗಳ ಹತ್ಯೆ ಮತ್ತು ಹಿಂಸೆಯನ್ನು ತಡೆಯಬೇಕು, ಸೇನೆ ಅದರಲ್ಲಿ ತೊಡಗದಂತೆ ನೋಡಿಕೊಳ್ಳಬೇಕು, ಸಾಕ್ಷ್ಯಗಳನ್ನು ನಾಶಪಡಿಸಬಾರದು, ನಾಲ್ಕು ತಿಂಗಳಲ್ಲೂ ಬಳಿಕ ಪ್ರತಿ ಆರು ತಿಂಗಳಿಗೊಮ್ಮೆಯೂ ವರದಿ ಒಪ್ಪಿಸಬೇಕು. ಪೀಠದಲ್ಲಿದ್ದ 17 ಮಂದಿಯೂ ಒಮ್ಮತದಲ್ಲಿದ್ದರು. ಭಾರತದ ನ್ಯಾಯಮೂರ್ತಿ ದಲ್ವೀರ್ ಭಂಡಾರಿ ಅವರಲ್ಲೊಬ್ಬರು. ಗ್ಯಾಂಬಿಯಾ ನೇಮಿಸಿದ ನವಿ ಪಿಳ್ಳೈ ಇನ್ನೊಬ್ಬರು. ಮಾತ್ರವಲ್ಲ, ಸ್ವತಃ ಮ್ಯಾನ್ಮಾರ್ ನೇಮಿಸಿದ ನ್ಯಾಯಾಧೀಶರೂ ಆದೇಶದ ಪರವಾಗಿಯೇ ಮತ ಹಾಕಿದರು. ಇದು ಸಾಧ್ಯವಾದದ್ದು ಹೇಗೆ? ಬರೇ ವಾಕ್ಚಾತುರ್ಯದಿಂದಲ್ಲ. ವಿಶ್ವಸಂಸ್ಥೆಯ ಸತ್ಯಶೋಧನಾ ತಂಡ 875 ಮಂದಿ ಸಂತ್ರಸ್ತರು ಮತ್ತು ಸಾಕ್ಷಿಗಳನ್ನು ಸಂದರ್ಶಿಸಿ 2018ರಲ್ಲಿ ವರದಿ ಸಿದ್ಧಪಡಿಸಿತ್ತು. ಶಿಬಿರದ ಜೋಪಡಿಯಲ್ಲಿ ಕುಳಿತು ಯಾರೋ ಬರೆದುಕೊಂಡ ಆ ಮಾತುಗಳೇ ನ್ಯಾಯಾಲಯದಲ್ಲಿ ಮಾತಾಡಿದವು.

ಇದರಿಂದ ರೋಹಿಂಗ್ಯಾಗಳು ಮನೆಗೆ ಮರಳಿದರೇ ಎಂದು ನೀವು ಕೇಳಬಹುದು. ಇಲ್ಲ. ನ್ಯಾಯಾಲಯದ ಬಳಿ ಪೊಲೀಸರಿಲ್ಲ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರಿನ ಸೇನೆ ಸೂಕಿಯವರನ್ನೇ ಬಂಧಿಸಿ ಅಧಿಕಾರ ಕಸಿದುಕೊಂಡಿತು. ಕಾನೂನು ಮಾಂತ್ರಿಕ ದಂಡವೆಂದು ನಾವು ಹೇಳಲಾರೆವು. ಆದರೆ 2022ರ ಜುಲೈ 22ರಂದು ಮ್ಯಾನ್ಮಾರಿನ ಆಕ್ಷೇಪಗಳನ್ನು ತಳ್ಳಿಹಾಕಿ ದಾವೆ ಮುಂದುವರಿಯಲಿ ಎಂದು ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ತಂಬಾದು ಸಚಿವ ಸ್ಥಾನ ತೊರೆದು, ರುವಾಂಡಾ ನ್ಯಾಯಮಂಡಳಿಯ ಉಳಿದ ಹೊಣೆ ವಹಿಸಿಕೊಂಡ ವಿಶ್ವಸಂಸ್ಥೆಯ ಸಂಸ್ಥೆಯ ರಿಜಿಸ್ಟ್ರಾರ್ ಆಗಿದ್ದರು. ವ್ಯಕ್ತಿ ಹೋದರೂ ಕಡತ ಉಳಿಯಿತು. 2023ರ ಡಿಸೆಂಬರ್‌ನಲ್ಲಿ ಗಾಝಾದ ವಿಷಯದಲ್ಲಿ ದಕ್ಷಿಣ ಆಫ್ರಿಕಾ ಇಸ್ರೇಲ್ ವಿರುದ್ಧ ಹೇಗ್‌ಗೆ ಹೋದದ್ದು ಗ್ಯಾಂಬಿಯಾ ಬಳಸಿದ ಇದೇ ಬಾಗಿಲಿನಿಂದ.

ಬಂಧುಗಳೇ, ಈ ಜೀವನದಿಂದ ನಾವು ಕಲಿಯಬೇಕಾದುದು ಏನು? ತಂಬಾದು ರೋಹಿಂಗ್ಯಾಗಳ ಉಪಯೋಗಕ್ಕೆ ಬಂದದ್ದು ಅವರು ರೋಹಿಂಗ್ಯಾಗಳನ್ನು ಇತರರಿಗಿಂತ ಹೆಚ್ಚು ಪ್ರೀತಿಸಿದ್ದರಿಂದಲ್ಲ. ತುತ್ಸಿಗಳ ಮೊಕದ್ದಮೆಯಲ್ಲಿ ಕಸುಬು ಕಲಿತಿದ್ದರಿಂದ. ನಮ್ಮವರ ಗಾಯ ಮಾತ್ರ ಗಾಯ ಎಂದು ತಿಳಿದವನು ಕೊನೆಗೆ ನಮ್ಮವರಿಗೂ ಪ್ರಯೋಜನಕ್ಕೆ ಬರಲಾರ. ದಲಿತನ ಭೂಮಿಯ ಮೊಕದ್ದಮೆ, ಕಾರ್ಮಿಕನ ಬಾಕಿ ಸಂಬಳದ ಮೊಕದ್ದಮೆ, ನಮ್ಮದೇ ಮನೆಯ ಹೆಣ್ಣುಮಗಳ ಆಸ್ತಿ ಪಾಲಿನ ಮೊಕದ್ದಮೆ, ಇವೆಲ್ಲ ಓರ್ವ ಯುವ ವಕೀಲನಿಗೆ ಅರುಷಾಗಳೇ.

ಪತ್ರಕರ್ತರಾಗಿ ನಾವು ಹಲವು ನೊಂದ ಮನೆಗಳಿಗೆ ಹೋಗಿದ್ದೇವೆ. ಅಲ್ಲಿ ಆಕ್ರೋಶವಿರುತ್ತದೆ, ಕಣ್ಣೀರಿರುತ್ತದೆ. ಆದರೆ ದೂರಿನ ಪ್ರತಿ ಕೇಳಿದರೆ ಇರುವುದಿಲ್ಲ. ವೈದ್ಯರ ಪ್ರಮಾಣಪತ್ರ ಎಲ್ಲಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಘಟನೆಯ ದಿನಾಂಕದಲ್ಲೇ ಮನೆಮಂದಿಯ ನಡುವೆ ಭಿನ್ನಾಭಿಪ್ರಾಯವಿರುತ್ತದೆ. ಸಂತಾಪ ಸಭೆಯಲ್ಲಿ ಭಾಷಣ ಮಾಡಲು ಹತ್ತು ಮಂದಿ ಸಿಗುತ್ತಾರೆ, ಪ್ರತಿ ವಾಯಿದೆಗೂ ಸಾಕ್ಷಿಯ ಜೊತೆ ನ್ಯಾಯಾಲಯಕ್ಕೆ ಹೋಗಲು ಒಬ್ಬನೂ ಸಿಗುವುದಿಲ್ಲ. ನಂತರ ಆರೋಪಿ ಬಿಡುಗಡೆಯಾದಾಗ ನಾವು ವ್ಯವಸ್ಥೆಯನ್ನು ದೂರುತ್ತೇವೆ. ವ್ಯವಸ್ಥೆಯಲ್ಲಿ ದೋಷವಿದೆ, ನಿಜ. ಆದರೆ ನಮ್ಮ ಪಾಲಿನ ಕೆಲಸವನ್ನು ನಾವು ಮಾಡಿದ್ದೇವೆಯೇ?

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗನೋ ಮಗಳೋ ಕಾನೂನು ಓದುತ್ತೇನೆಂದರೆ ಮುಖ ಸಿಂಡರಿಸಬೇಡಿ. ಆರಂಭದ ಕೆಲವು ವರ್ಷ ಸಂಪಾದನೆ ಕಡಿಮೆ, ಅಷ್ಟು ಕಾಲ ಅವರ ಬೆನ್ನಿಗೆ ನಿಲ್ಲಿ. ವಿದ್ಯಾರ್ಥಿಗಳೇ, ಹೇಗ್‌ನ ಕನಸು ಕಾಣಿರಿ. ಆದರೆ ನಾಳೆ ಬೆಳಿಗ್ಗೆ ತಾಲೂಕು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತು ಒಂದು ಪಾಟೀಸವಾಲನ್ನು ಪೂರ್ತಿಯಾಗಿ ಆಲಿಸಿರಿ. ಯಾರ ಮೊಕದ್ದಮೆ ಎಂದು ಕೇಳಬೇಡಿ.